ಕಥೆ ಬರೆಯುವುದನ್ನು ಕಲಿಸಲು ಆಗುತ್ತಾ, ಇಲ್ಲ ಬ್ಲಾಗ್ ತೆರೆದು ತಾನೇ ಕಲಿಯಬೇಕಾ?

ಹೊಸ ಹಾಳೆ:
ಎಲ್ಲರಿಗೂ ನಮಸ್ಕಾರ. ಬರೆಯಬೇಕು ಅನ್ನುವುದು ನನ್ನ ಬಹಳ ದಿನದ ಆಸೆ. ಡೈರಿ ಬಿಟ್ಟರೆ ಇದುವರೆಗೆ ಏನೂ ಬರೆದಿಲ್ಲ. ಪರಿಚಯದ ಒಬ್ಬರು ಹತ್ತು ವಾರದ ಬರವಣಿಗೆ ತರಗತಿಗೆ ಸೇರು ಅನ್ನುತ್ತಾರೆ. ಇನ್ನೊಬ್ಬರು "ಕ್ಲಾಸು ಗೀಸು ಬೇಡ, ಇವತ್ತೇ ಒಂದು ಬ್ಲಾಗ್ ತೆರೆ, ಬರೀತಾ ಬರೀತಾ ಬರುತ್ತೆ" ಅನ್ನುತ್ತಾರೆ. ವಾರಕ್ಕೆ ನಾಲ್ಕೈದು ಗಂಟೆ ಮಾತ್ರ ನನಗೆ ಸಿಗುತ್ತದೆ. ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ. ಯಾವುದು ಮೊದಲು? ಕಥೆ ಬರೆಯುವುದನ್ನು ನಿಜವಾಗಿ ಯಾರಾದರೂ ಕಲಿಸಬಹುದಾ?

ಪೂರ್ಣವಿರಾಮ:
ಆಗುವುದಿಲ್ಲ. ಬರವಣಿಗೆ ಕಲಿಸಿ ಬರುವ ವಿದ್ಯೆ ಅಲ್ಲ. ಹನ್ನೊಂದು ವರ್ಷದಿಂದ ನಾನು ಬ್ಲಾಗ್ ಬರೆಯುತ್ತಿದ್ದೇನೆ. ಒಂದು ದಿನವೂ ತರಗತಿಯ ಮೆಟ್ಟಿಲು ಹತ್ತಿಲ್ಲ. ಕನ್ನಡದಲ್ಲಿ ನಮಗೆ ಸಿಕ್ಕಿರುವ ಮೊದಲ ಪುಸ್ತಕ ಕವಿರಾಜಮಾರ್ಗವೇ ಈ ಮಾತು ಹೇಳಿದೆ. "ಕುರಿತೋದದೆಯುಂ ಕಾವ್ಯಪ್ರಯೋಗಪರಿಣತಮತಿಗಳ್". ಓದು ಬರಹ ಕಲಿಯದೆಯೇ ಕಾವ್ಯ ಕಟ್ಟುವ ಜಾಣರು ಅಂತ. ಸಾವಿರ ವರ್ಷಕ್ಕೂ ಹಿಂದೆ ತೀರ್ಮಾನ ಆಗಿರುವ ವಿಷಯ ಇದು. ಬ್ಲಾಗ್ ತೆರೆಯಿರಿ, ಬರೆಯಿರಿ, ಅಷ್ಟೇ.

ಒತ್ತಕ್ಷರ:
"ಕಲಿಸಿ ಬರುವ ವಿದ್ಯೆ ಅಲ್ಲ" ಅಂದಿರಿ. ಸಂಗೀತ ಕಲಿಸುತ್ತಾರೆ. ಚಿತ್ರ ಕಲಿಸುತ್ತಾರೆ. ಕುಣಿಯುವುದನ್ನೂ ಕಲಿಸುತ್ತಾರೆ. ಹಾಡುವವರಿಗೆ ಗುರು ಬೇಕು ಅಂದರೆ ಯಾರೂ ಜಗಳ ಆಡುವುದಿಲ್ಲ. ಬರೆಯುವವರಿಗೆ ಮಾತ್ರ ಅದು ಆಕಾಶದಿಂದ ಇಳಿಯಬೇಕು ಅಂತ ಯಾಕೆ?

ನಾನು ಒಂಬತ್ತು ವರ್ಷದಿಂದ ದೊಡ್ಡವರಿಗೆ ಬರವಣಿಗೆ ಕಲಿಸುತ್ತಿದ್ದೇನೆ. ಪ್ರತಿಭೆ ಕೊಡಲು ನನ್ನಿಂದ ಆಗುವುದಿಲ್ಲ. ಆದರೆ ಒಂದು ದೃಶ್ಯ ಎಲ್ಲಿಂದ ಶುರುವಾಗಬೇಕು, ಯಾರ ಕಣ್ಣಿನಿಂದ ಅದನ್ನು ನೋಡಬೇಕು, ಪಾತ್ರ ಬಾಯಿಬಿಟ್ಟು ಹೇಳದ್ದು ಓದುಗರಿಗೆ ಹೇಗೆ ಕೇಳಿಸಬೇಕು, ಇವನ್ನೆಲ್ಲ ಕಲಿಸಬಹುದು. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಬರಹಗಾರರ ಕಮ್ಮಟ 1936ರಿಂದ ನಡೆಯುತ್ತಿದೆ. ಇಂಗ್ಲೆಂಡಿನ ಈಸ್ಟ್ ಆಂಗ್ಲಿಯಾ ವಿಶ್ವವಿದ್ಯಾಲಯ 1970ರಲ್ಲಿ ಇಂಥದ್ದೇ ಕೋರ್ಸು ಶುರು ಮಾಡಿತು. ಕಾದಂಬರಿಕಾರ ಕಝುವೊ ಇಶಿಗುರೊ ಅಲ್ಲಿ ಓದಿದವರು. 2017ರಲ್ಲಿ ಅವರಿಗೆ ನೊಬೆಲ್ ಬಂತು. ಹೊಸ ಹಾಳೆ ಅವರೇ, ತರಗತಿಗೆ ಸೇರಿ.

ಪೂರ್ಣವಿರಾಮ:
"ಪ್ರತಿಭೆ ಕೊಡಲು ನನ್ನಿಂದ ಆಗುವುದಿಲ್ಲ." ಇದು ನಿಮ್ಮದೇ ಮಾತು. ನಾನು ಹೇಳಿದ್ದೂ ಅಷ್ಟೇ. ಒಬ್ಬ ಇಶಿಗುರೊ ಹೆಸರು ಹೇಳಿದಿರಿ. ಯಾವ ಕೋರ್ಸಿಗೂ ಹೋಗದೆ ನೊಬೆಲ್ ಪಡೆದವರ ಸಾಲು ಎಷ್ಟು ಉದ್ದ ಇದೆ ಅಂತ ನಿಮಗೂ ಗೊತ್ತು. ಆ ಬಹುಮಾನ ಶುರುವಾದದ್ದು 1901ರಲ್ಲಿ. ನಿಮ್ಮ ಅಯೋವಾ ಬಂದದ್ದು 35 ವರ್ಷ ಆದ ಮೇಲೆ. ಅಲ್ಲಿಯವರೆಗೆ ಬರೆದವರಿಗೆ ಯಾರು ಕಲಿಸಿದರು?

ಹಳಗನ್ನಡ ಪ್ರಿಯ:
ಸ್ವಲ್ಪ ತಡೆಯಿರಿ. ಕವಿರಾಜಮಾರ್ಗದ ಸಾಲಿಗೆ ಪೂರ್ಣವಿರಾಮ ಅವರು "ಓದು ಬರಹ ಕಲಿಯದೆಯೇ" ಅಂತ ಅರ್ಥ ಕೊಟ್ಟಿದ್ದಾರೆ. ಅದು ತಪ್ಪು. "ಕುರಿತು" ಅಂದರೆ ಉದ್ದೇಶ ಇಟ್ಟುಕೊಂಡು, ಗುರಿ ಹಿಡಿದು. "ಕುರಿತು ಓದು" ಅಂದರೆ ಪಟ್ಟಾಗಿ ಕೂತು ಶಾಸ್ತ್ರ ಓದುವುದು. ಹಾಗೆ ಓದದೆ ಇದ್ದರೂ ಆ ಜನ ಕಾವ್ಯದ ಬಳಕೆಯಲ್ಲಿ ಪಳಗಿದವರು ಅನ್ನುವುದು ಅರ್ಥ. ಅವರಿಗೆ ಏನೂ ಕಲಿಕೆಯೇ ಇರಲಿಲ್ಲ ಅಂತ ಅಲ್ಲಿ ಎಲ್ಲಿ ಹೇಳಿದೆ?

ಇನ್ನೊಂದು ಮಾತು. ಆ ಸಾಲು ಇರುವ ಪುಸ್ತಕ ಯಾವುದು ನೋಡಿ. ಹೆಸರಲ್ಲೇ "ಮಾರ್ಗ" ಇದೆ. ಕವಿಗಳಿಗೆ ದಾರಿ ತೋರಿಸಲು ಬರೆದ ಪುಸ್ತಕ. ಮೂರು ಪರಿಚ್ಛೇದ. ಮೊದಲನೆಯದು ಕಾವ್ಯದಲ್ಲಿ ಆಗುವ ದೋಷಗಳ ಬಗ್ಗೆ. ಉಳಿದೆರಡು ಶಬ್ದಾಲಂಕಾರ, ಅರ್ಥಾಲಂಕಾರದ ಬಗ್ಗೆ. ಕಲಿಸಲು ಆಗುವುದಿಲ್ಲ ಅನ್ನುವುದಕ್ಕೆ ಕಲಿಸುವ ಪುಸ್ತಕದಿಂದಲೇ ಸಾಕ್ಷಿ ತಂದಿದ್ದೀರಿ.

ಪೂರ್ಣವಿರಾಮ:
"ಅಲ್ಲಿ ಎಲ್ಲಿ ಹೇಳಿದೆ" ಅಂತ ಕೇಳಿದಿರಿ. ಅದೇ ಪದ್ಯದಲ್ಲಿ ಹೇಳಿದೆ. "ಚದುರರ್ ನಿಜದಿಂ". ನಿಜ ಅಂದರೆ ಹುಟ್ಟಿನಿಂದ ಬಂದದ್ದು, ತನ್ನದೇ ಆದದ್ದು. ಸಹಜವಾಗಿಯೇ ಜಾಣರು ಅಂತ ನೃಪತುಂಗ ಸ್ಪಷ್ಟವಾಗಿ ಬರೆದಿದ್ದಾನೆ. ಆ ಒಂದು ಪದವನ್ನು ನೀವು ಬಿಟ್ಟು ಅರ್ಥ ಹೇಳಿದಿರಿ.

ಹಳಗನ್ನಡ ಪ್ರಿಯ:
"ನೃಪತುಂಗ ಬರೆದಿದ್ದಾನೆ" ಅಲ್ಲ. ಬರೆದವನು ಶ್ರೀವಿಜಯ ಅಂತ ಇವತ್ತು ಹೆಚ್ಚಿನ ವಿದ್ವಾಂಸರು ಒಪ್ಪುತ್ತಾರೆ. ಪುಸ್ತಕವೇ ತನ್ನನ್ನು "ನೃಪತುಂಗದೇವಾನುಮತ" ಅಂತ ಕರೆದುಕೊಳ್ಳುತ್ತದೆ. ದೊರೆ ಒಪ್ಪಿಗೆ ಕೊಟ್ಟದ್ದು, ದೊರೆ ಬರೆದದ್ದಲ್ಲ. ಇಂಥ ಮೂಲ ವಿಷಯ ತಪ್ಪಿದ ಮೇಲೆ ಮುಂದಿನ ವಾದಕ್ಕೆ ಬಲ ಎಲ್ಲಿಂದ ಬರುತ್ತದೆ?

ಪೂರ್ಣವಿರಾಮ:
ಬರೆದವರು ಯಾರಾದರೂ ಆಗಲಿ. ನಾನು ಕೇಳಿದ್ದು "ನಿಜದಿಂ" ಬಗ್ಗೆ. ಉತ್ತರ ಬರಲಿಲ್ಲ.

ಮಸಿಕುಡಿಕೆ:
ಪಾಪ, ಪ್ರಶ್ನೆ ಕೇಳಿದವರು ವಾರಕ್ಕೆ ನಾಲ್ಕೈದು ಗಂಟೆ ಇದೆ ಅಂದರು. ಅದಕ್ಕೆ ಉತ್ತರ ಕೊಡೋಣ. ನಾನು ಬ್ಲಾಗ್ ಪರ. ಯಾಕೆ ಅಂತ ಹೇಳುತ್ತೇನೆ.

"ವೆಬ್‌ಲಾಗ್" ಅನ್ನುವ ಪದವನ್ನು (ಅದೇ ಆಮೇಲೆ ಬ್ಲಾಗ್ ಆಯಿತು) 1997ರ ಡಿಸೆಂಬರಿನಲ್ಲಿ ಬಳಕೆಗೆ ತಂದವರು ಜಾರ್ನ್ ಬಾರ್ಜರ್. ಅವರ ಪುಟದಲ್ಲಿ ಇದ್ದದ್ದು ತಮ್ಮ ಜೀವನದ ಕಥೆ ಅಲ್ಲ. ದಿನವೂ ಇಂಟರ್ನೆಟ್ಟಿನಲ್ಲಿ ಓದಿದ್ದರಲ್ಲಿ ಚೆನ್ನಾಗಿದ್ದುದಕ್ಕೆ ಕೊಂಡಿ, ಜೊತೆಗೆ ಒಂದೆರಡು ಮಾತು. ಅಂದರೆ ಅದು ಓದಿನ ದಾಖಲೆ. ಹೊಸಬರು ಬ್ಲಾಗ್ ತೆರೆದು ಮೂರು ಲೇಖನ ಬರೆದು ಯಾಕೆ ನಿಲ್ಲಿಸುತ್ತಾರೆ? "ನನ್ನ ಬಗ್ಗೆ" ಬರೆಯಲು ಕೂರುತ್ತಾರೆ. ಹೇಳುವುದು ಮೂರೇ ವಾರಕ್ಕೆ ಮುಗಿಯುತ್ತದೆ. ಓದಿದ್ದರ ಬಗ್ಗೆ ಬರೆದರೆ ಎಂದೂ ಮುಗಿಯುವುದಿಲ್ಲ. ಒಂದು ಕಥೆ ಓದಿ. ಯಾವ ವಾಕ್ಯದಲ್ಲಿ ನಿಮ್ಮ ಗಮನ ತಪ್ಪಿತು, ಯಾವ ವಾಕ್ಯದಲ್ಲಿ ವಾಪಸ್ ಬಂತು, ಅಷ್ಟನ್ನೇ 300 ಪದದಲ್ಲಿ ಬರೆಯಿರಿ. ವಾರಕ್ಕೆ ಒಂದು ಸಾಕು. ಬರೆದ ದಿನವೇ ಪ್ರಕಟಿಸಬೇಡಿ. ಒಂದು ರಾತ್ರಿ ಬಿಡಿ, ಬೆಳಗ್ಗೆ ಜೋರಾಗಿ ಓದಿ ನೋಡಿ. ನಾಲಿಗೆ ಎಲ್ಲಿ ಎಡವುತ್ತದೋ ಅಲ್ಲಿ ವಾಕ್ಯ ಕೆಟ್ಟಿದೆ. ಮೊದಲ ಆರು ತಿಂಗಳು ಓದುಗರ ಸಂಖ್ಯೆ ತೋರಿಸುವ ಪುಟವನ್ನು ತೆರೆಯಲೇಬೇಡಿ.

ಒತ್ತಕ್ಷರ:
"ವಾರಕ್ಕೆ ಒಂದು ಸಾಕು." ಸರಿ, ವಾರಕ್ಕೆ ಒಂದು ಬರೆದರು. ಓದುವವರು ಯಾರು? ಬ್ಲಾಗಿಗೆ ಬರುವ ಪ್ರತಿಕ್ರಿಯೆ ನೋಡಿದ್ದೀರಾ? "ಚೆನ್ನಾಗಿದೆ", "ಸೂಪರ್", "ಹೀಗೇ ಬರೆಯುತ್ತಿರಿ". ಇದರಿಂದ ಒಬ್ಬರೂ ಏನೂ ಕಲಿಯುವುದಿಲ್ಲ. ತರಗತಿಯಲ್ಲಿ ಹತ್ತು ಜನ ನಿಮ್ಮ ಬರಹವನ್ನು ಓದಲೇಬೇಕು. ಓದಿ, ಎಲ್ಲಿ ಬೇಸರ ಬಂತು ಅಂತ ಬಾಯಿಬಿಟ್ಟು ಹೇಳಬೇಕು. ಹೊಸಬರಿಗೆ ಸಿಗದೇ ಇರುವುದು ಇದೊಂದೇ, ಕೊನೆಯವರೆಗೂ ಓದುವ ಓದುಗ.

ಆ ಪದ್ಯದ ಮೊದಲ ಸಾಲನ್ನು ಇಲ್ಲಿ ಯಾರೂ ಎತ್ತಲಿಲ್ಲ. "ಪದನರಿದು ನುಡಿಯಲುಂ ನುಡಿದುದನರಿದಾರಯಲುಂ". ಹದ ತಿಳಿದು ಮಾತಾಡಬಲ್ಲರು, ಆಡಿದ್ದನ್ನು ತಿಳಿದು ತೂಗಿ ನೋಡಬಲ್ಲರು. ಆಡುವುದು ಒಂದು, ಆರೈದು ನೋಡುವುದು ಇನ್ನೊಂದು. ಎರಡನೆಯದಕ್ಕೆ ಎದುರಿಗೆ ಒಬ್ಬರು ಬೇಕು. ನನ್ನ ತರಗತಿಯಲ್ಲಿ ನಡೆಯುವುದು ಅದೇ.

ಪೂರ್ಣವಿರಾಮ:
"ಎದುರಿಗೆ ಒಬ್ಬರು ಬೇಕು" ಅನ್ನುವುದು ಪದ್ಯದಲ್ಲಿ ಇಲ್ಲ. ನೀವು ಸೇರಿಸಿದ್ದು. ಆ ನಾಡವರು ಒಬ್ಬರ ಮಾತನ್ನು ಒಬ್ಬರು ಅರಿತರು, ಯಾರೂ ಮೇಷ್ಟ್ರ ಕುರ್ಚಿಯಲ್ಲಿ ಕೂತಿರಲಿಲ್ಲ. ಮುಂದಿನ ಪದ್ಯವನ್ನೂ ಓದಿ. ಸಣ್ಣ ಮಕ್ಕಳೂ ಮೂಗರೂ ಕೂಡ ವಿವೇಕ ಹೇಳಬಲ್ಲರು ಅಂತ ಇದೆ. ಮಕ್ಕಳಿಗೆ ಯಾವ ತರಗತಿ?

ಹಳಗನ್ನಡ ಪ್ರಿಯ:
ಮಕ್ಕಳಿಗೆ ಮಾತು "ನಿಜದಿಂ" ಬರುತ್ತದೆ ಅಂತ ನಿಮ್ಮ ಲೆಕ್ಕ ಅಲ್ವಾ? ಮಗುವನ್ನು ಯಾರೂ ಮಾತಾಡಿಸದೆ ಬಿಟ್ಟು ನೋಡಿ, ಮಾತು ಬರುವುದಿಲ್ಲ. ಕೇಳಿ ಕೇಳಿ ಬರುವುದೇ ಕಲಿಕೆ. ಆ ಕಾಲದಲ್ಲಿ ಹಾಡು, ಕಥೆ, ಕಾವ್ಯ ಜನರ ಕಿವಿಗೆ ಬೀಳುತ್ತಿದ್ದವು. ಕಿವಿಯೇ ಅವರ ಶಾಲೆ.

ಕವಿರಾಜಮಾರ್ಗ ಬಹಳ ಕಡೆ ದಂಡಿ ಸಂಸ್ಕೃತದಲ್ಲಿ ಬರೆದ ಕಾವ್ಯಾದರ್ಶವನ್ನು ಅನುಸರಿಸುತ್ತದೆ. ದಂಡಿ ಕಾವ್ಯಕ್ಕೆ ಮೂರು ಬೇಕು ಅನ್ನುತ್ತಾನೆ. ಹುಟ್ಟಿನಿಂದ ಬಂದ ಪ್ರತಿಭೆ, ಶುದ್ಧವಾದ ಹೆಚ್ಚು ಓದು, ಬಿಡದ ಅಭ್ಯಾಸ. ಅದರ ಮುಂದಿನ ಶ್ಲೋಕದಲ್ಲೇ ಇನ್ನೊಂದು ಮಾತು ಇದೆ. ಆ ಪ್ರತಿಭೆ ಇಲ್ಲದಿದ್ದರೂ ಓದಿನಿಂದ, ಪ್ರಯತ್ನದಿಂದ ಸೇವೆ ಮಾಡಿದವರಿಗೆ ವಾಗ್ದೇವಿ ಏನಾದರೂ ಒಂದು ಅನುಗ್ರಹ ಮಾಡಿಯೇ ಮಾಡುತ್ತಾಳೆ ಅಂತ. ಇದು ನಿಮ್ಮ ವಾದಕ್ಕೆ ನೇರ ಉತ್ತರ.

ಪೂರ್ಣವಿರಾಮ:
"ಏನಾದರೂ ಒಂದು ಅನುಗ್ರಹ". ದಂಡಿಯೇ ಎಷ್ಟು ಹುಷಾರಾಗಿ ಹೇಳಿದ್ದಾನೆ ನೋಡಿ. ಒಳ್ಳೆಯ ಕವಿ ಆಗುತ್ತಾರೆ ಅನ್ನಲಿಲ್ಲ. ಸಂಸ್ಕೃತ ಕವಿ ಕ್ಷೇಮೇಂದ್ರನನ್ನು ನೀವು ಬಿಟ್ಟಿದ್ದೀರಿ. ಹನ್ನೊಂದನೇ ಶತಮಾನದಲ್ಲಿ ಕವಿಗಳಾಗುವವರಿಗೆ ಅಂತಲೇ ಕವಿಕಂಠಾಭರಣ ಬರೆದವನು ಅವನು. ಶಿಷ್ಯರಲ್ಲಿ ಸ್ವಲ್ಪ ಶ್ರಮಕ್ಕೆ ಒಲಿಯುವವರು, ಕಷ್ಟಪಟ್ಟರೆ ಒಲಿಯುವವರು, ಏನು ಮಾಡಿದರೂ ಆಗದವರು ಅಂತ ವಿಂಗಡಿಸಿದ್ದಾನೆ. ಮೂರನೆಯವರ ಬಗ್ಗೆ ಅವನ ಮಾತು ಕಟುವಾಗಿದೆ. ಕತ್ತೆಗೆ ಎಷ್ಟು ಕಲಿಸಿದರೂ ಅದು ಹಾಡುವುದಿಲ್ಲ ಅಂತ.

ಒತ್ತಕ್ಷರ:
ಈ ಮಾತು ಕೇಳಿ ನನಗೆ ನಿಜಕ್ಕೂ ಸಿಟ್ಟು ಬಂತು. ಇಲ್ಲಿ ಪ್ರಶ್ನೆ ಕೇಳಿದವರು ಮೊದಲ ಬಾರಿ ಬರೆಯಲು ಹೊರಟವರು. ಅವರ ಎದುರಿಗೆ ಕತ್ತೆಯ ಉದಾಹರಣೆ ತರುತ್ತೀರಾ? ನನ್ನ ತರಗತಿಗೆ ಬಂದವರಲ್ಲಿ ಮೊದಲ ದಿನ "ನನ್ನ ಕೈಲಿ ಆಗಲ್ಲ" ಅನ್ನದವರೇ ಕಡಿಮೆ. ಆ ಮಾತನ್ನು ಅವರಿಗೆ ಯಾರೋ ಚಿಕ್ಕಂದಿನಲ್ಲಿ ಹೇಳಿರುತ್ತಾರೆ. ಬಿಡಿಸಲು ನನಗೆ ವಾರಗಟ್ಟಲೆ ಬೇಕಾಗುತ್ತದೆ. ನೀವು ಒಂದು ಸಾಲಿನಲ್ಲಿ ಮತ್ತೆ ಕಟ್ಟಿಬಿಟ್ಟಿರಿ.

ಪೂರ್ಣವಿರಾಮ:
ಅವರಿಗೆ ಹೇಳಿದ್ದಲ್ಲ. ಕ್ಷೇಮೇಂದ್ರ ಹೇಳಿದ್ದನ್ನು ಹೇಳಿದೆ. ಅವನೂ ಮೇಷ್ಟ್ರೇ.

ಹಳಗನ್ನಡ ಪ್ರಿಯ:
"ಅವನೂ ಮೇಷ್ಟ್ರೇ." ಹೌದು. ಆದ್ದರಿಂದಲೇ ಮೊದಲ ಎರಡು ಬಗೆಯವರಿಗೆ ಏನು ಮಾಡಿಸಬೇಕು ಅಂತ ಅವನು ಪುಸ್ತಕ ತುಂಬ ಹೇಳುತ್ತಾನೆ. ಅರ್ಥದ ಗೊಡವೆ ಬಿಟ್ಟು ಬರೀ ಪದಗಳಿಂದ ಛಂದಸ್ಸು ತುಂಬಿಸುವುದು, ಹಳೆಯ ಪದ್ಯದ ಪಾದ ತೆಗೆದು ಬೇರೆ ಪಾದ ಕೂಡಿಸುವುದು, ಇವೆಲ್ಲ ಅಭ್ಯಾಸಗಳು. ನೀವು ಕತ್ತೆಯನ್ನು ಮಾತ್ರ ಎತ್ತಿಕೊಂಡಿರಿ, ಪಾಠವನ್ನು ಬಿಟ್ಟಿರಿ.

ಅಂಕಿ ಅಂಶ:
ಶ್ಲೋಕಗಳ ಜಗಳ ಸಾಕು, ಅಳೆದು ನೋಡಿದ್ದು ಏನಿದೆ ಅಂತ ನೋಡೋಣ. ಸಂಶೋಧಕರಾದ ಸ್ಟೀವ್ ಗ್ರಹಾಂ ಮತ್ತು ಡೊಲೊರೆಸ್ ಪೆರಿನ್ 2007ರಲ್ಲಿ ಬರವಣಿಗೆ ಕಲಿಸುವ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ, ಹಾಗೆ ಕಲಿಯದವರಿಗಿಂತ ಕಲಿತವರ ಬರಹ ಎಷ್ಟು ಮೇಲಾಯಿತು ಅಂತ ಲೆಕ್ಕ ಹಾಕಿದರು. ಸೊನ್ನೆ ಅಂದರೆ ವ್ಯತ್ಯಾಸ ಇಲ್ಲ. ಯೋಜನೆ ಮಾಡುವುದು, ತಿದ್ದುವುದು ಹೇಗೆ ಅಂತ ಹಂತ ಹಂತವಾಗಿ ಕಲಿಸಿದ್ದರ ಪರಿಣಾಮ 0.82. ಒಬ್ಬರ ಬರಹವನ್ನು ಒಬ್ಬರು ನೋಡಿ ಒಟ್ಟಿಗೆ ಕೆಲಸ ಮಾಡಿದ್ದಕ್ಕೆ 0.75. ಸಣ್ಣ ವಾಕ್ಯಗಳನ್ನು ಕೂಡಿಸಿ ದೊಡ್ಡದು ಮಾಡುವ ಅಭ್ಯಾಸಕ್ಕೆ 0.50. ಒಳ್ಳೆಯ ಮಾದರಿಗಳನ್ನು ಓದಿ ಅನುಸರಿಸಿದ್ದಕ್ಕೆ 0.25. ವ್ಯಾಕರಣವನ್ನೇ ಬೇರೆಯಾಗಿ ಪಾಠ ಮಾಡಿದ್ದಕ್ಕೆ ಸೊನ್ನೆಗಿಂತ ಕೆಳಗೆ, ಮೈನಸ್ 0.32. 0.8 ದಾಟಿದರೆ ದೊಡ್ಡ ಪರಿಣಾಮ ಅಂತ ಸಾಮಾನ್ಯ ಲೆಕ್ಕ. ಕಲಿಸಲು ಆಗುತ್ತದೆ. ಪ್ರಶ್ನೆ ಮುಗಿಯಿತು.

ಪೂರ್ಣವಿರಾಮ:
"ಮಾದರಿಗಳನ್ನು ಓದಿ ಅನುಸರಿಸಿದ್ದಕ್ಕೆ 0.25" ಅಂದಿರಿ. ಹಾಗಾದರೆ ಓದುವುದರಿಂದ ಪ್ರಯೋಜನ ಕಡಿಮೆ ಅಂತಾಯಿತು. ಯಾವ ಬರಹಗಾರರು ಇದನ್ನು ಒಪ್ಪುತ್ತಾರೆ? ಆ ಅಧ್ಯಯನ ಯಾರ ಮೇಲೆ ಆದದ್ದು ಅಂತಲೂ ಹೇಳಿ. ನಾಲ್ಕರಿಂದ ಹನ್ನೆರಡನೇ ತರಗತಿಯ ಶಾಲಾ ಮಕ್ಕಳು. ಅಳೆದದ್ದು ಬಹುಮಟ್ಟಿಗೆ ಶಾಲೆಯ ಬರವಣಿಗೆ. ಒಂದು ಕಥೆ ಓದಿ ಯಾರಿಗಾದರೂ ರಾತ್ರಿ ನಿದ್ದೆ ಬರಲಿಲ್ಲವಾ ಅಂತ ಅದರಲ್ಲಿ ಅಳೆದಿಲ್ಲ.

ಅಂಕಿ ಅಂಶ:
ನಿದ್ದೆ ಬಾರದ್ದನ್ನು ಅಳೆಯಲು ಆಗುವುದಿಲ್ಲ ಅಂದರೆ, ಕಲಿಸಲು ಆಗುವುದಿಲ್ಲ ಅನ್ನುವುದನ್ನೂ ನೀವು ತೋರಿಸಲು ಆಗುವುದಿಲ್ಲ. ನನ್ನ ಕೈಯಲ್ಲಿ ಶಾಲಾ ಮಕ್ಕಳ ಅಂಕಿಯಾದರೂ ಇದೆ.

ಮೌನಿ:
ಒತ್ತಕ್ಷರ ಅವರು "ಎಲ್ಲಿ ಬೇಸರ ಬಂತು ಅಂತ ಬಾಯಿಬಿಟ್ಟು ಹೇಳಬೇಕು" ಅಂದರು. ಅದನ್ನು ಓದಿ ಸುಮ್ನೆ ಇರಲು ಆಗಲಿಲ್ಲ.

ನಾನು ಒಂದು ಕಮ್ಮಟಕ್ಕೆ ಹೋಗಿದ್ದೆ. ಯಾರದು, ಎಲ್ಲಿ ಅಂತ ಹೇಳುವುದಿಲ್ಲ. ಅಲ್ಲಿ ಅಯೋವಾ ಪದ್ಧತಿ. ಬರೆದವರು ಬಾಯಿ ಮುಚ್ಚಿ ಕೂರಬೇಕು, ಉಳಿದವರು ಅವರು ಅಲ್ಲಿ ಇಲ್ಲವೇ ಇಲ್ಲ ಅನ್ನುವಂತೆ ಮಾತಾಡಬೇಕು. ನನ್ನ ಕಥೆಯಲ್ಲಿ ಒಬ್ಬ ಹೆಂಗಸು ಗಂಡನ ಜೊತೆ ಮಾತು ಬಿಟ್ಟಿದ್ದಳು. ಯಾಕೆ ಅಂತ ನಾನು ಬರೆದಿರಲಿಲ್ಲ. ನಲವತ್ತು ನಿಮಿಷ ಹನ್ನೆರಡು ಜನ ಸೇರಿ ಅದಕ್ಕೆ ಕಾರಣ ಹುಡುಕಿದರು. ಒಬ್ಬರು ಅವಳಿಗೆ ಹುಚ್ಚು ಅಂದರು. ಇನ್ನೊಬ್ಬರು ಕಥೆಯ ಲೇಖಕಿಗೆ ಏನೂ ಗೊತ್ತಿಲ್ಲ ಅಂದರು. ಎಲ್ಲರೂ ನಕ್ಕರು. ನಾನು ಎರಡು ಅಡಿ ದೂರದಲ್ಲಿ ಕೂತಿದ್ದೆ. ಬಾಯಿ ತೆರೆಯುವಂತಿರಲಿಲ್ಲ. ಆಮೇಲೆ ಎರಡು ವರ್ಷ ಒಂದು ಅಕ್ಷರ ಬರೆಯಲಿಲ್ಲ. ಮತ್ತೆ ಬರೆದದ್ದು ಬ್ಲಾಗಿನಲ್ಲಿ, ಬೇರೆ ಹೆಸರಿನಲ್ಲಿ. ಅಲ್ಲಿ ಬಂದ ಮೊದಲ ಪ್ರತಿಕ್ರಿಯೆ "ಚೆನ್ನಾಗಿದೆ" ಅನ್ನುವುದೇ. ಒತ್ತಕ್ಷರ ಮೇಡಂ, ನನಗೆ ಆ ಒಂದು ಮಾತು ಆಗ ಬೇಕಾಗಿತ್ತು. ಅದರಿಂದ ಏನೂ ಕಲಿಯುವುದಿಲ್ಲ ಅಂತ ಹೇಳಬೇಡಿ.

ಒತ್ತಕ್ಷರ:
ನಿಮಗೆ ಹಾಗೆ ಆದದ್ದು ಓದಿ ಸಂಕಟವಾಯಿತು. ಆದರೆ ಅದು ಕೆಟ್ಟ ತರಗತಿ. ಕೆಟ್ಟ ವೈದ್ಯರು ಇದ್ದಾರೆ ಅಂತ ವೈದ್ಯವನ್ನೇ ಬಿಡುತ್ತೇವಾ? ಬಾಯಿ ಮುಚ್ಚಿಸುವ ಪದ್ಧತಿ ನಾನು ಬಳಸುವುದಿಲ್ಲ. ನೃತ್ಯ ಸಂಯೋಜಕಿ ಲಿಜ್ ಲರ್ಮನ್ ರೂಪಿಸಿದ ನಾಲ್ಕು ಹಂತದ ಪದ್ಧತಿ ಒಂದು ಇದೆ. ಮೊದಲ ಹಂತದಲ್ಲಿ ಬರಹ ಓದಿದವರು ತಮಗೆ ಏನು ತಟ್ಟಿತು ಅಂತ ಹೇಳುತ್ತಾರೆ. ಆಮೇಲೆ ಬರೆದವರೇ ತಮ್ಮ ಪ್ರಶ್ನೆ ಕೇಳುತ್ತಾರೆ. ಮೂರನೆಯದಾಗಿ ಓದಿದವರು ಪ್ರಶ್ನೆ ಕೇಳಬಹುದು, ಆದರೆ ಪ್ರಶ್ನೆಯೊಳಗೆ ತೀರ್ಪು ಇರಬಾರದು. "ಅಂತ್ಯ ಯಾಕೆ ಇಷ್ಟು ಪೇಲವ" ಅನ್ನುವಂತಿಲ್ಲ. "ಅಂತ್ಯದಲ್ಲಿ ಓದುಗರು ಏನು ಅಂದುಕೊಳ್ಳಬೇಕು ಅಂತ ಇತ್ತು" ಅಂತ ಕೇಳಬೇಕು. ಕೊನೆಗೆ ಅಭಿಪ್ರಾಯ, ಅದೂ ಬರೆದವರ ಅನುಮತಿ ಕೇಳಿದ ಮೇಲೆ. ಬರೆದವರು ಬೇಡ ಅನ್ನಬಹುದು.

ಮೌನಿ:
"ಕೆಟ್ಟ ತರಗತಿ" ಅಂತ ನನಗೆ ಹೇಗೆ ಮೊದಲೇ ಗೊತ್ತಾಗಬೇಕಿತ್ತು? ಹೊಸಬರಿಗೆ ತೋರುವುದು ಬಾಗಿಲು ಮಾತ್ರ. ಒಳಗೆ ಯಾವ ಪದ್ಧತಿ ಅಂತ ಹೊರಗೆ ಬರೆದಿರುವುದಿಲ್ಲ. ಬ್ಲಾಗಿನಲ್ಲಿ ಕೆಟ್ಟ ಮಾತು ಬಂದರೆ ಅಳಿಸಬಹುದು. ಆ ಕೋಣೆಯಿಂದ ಎದ್ದು ಹೋಗಲು ನನಗೆ ಧೈರ್ಯ ಇರಲಿಲ್ಲ.

ಪೂರ್ಣವಿರಾಮ:
ಮೌನಿ ಅವರು ಹೇಳಿದ್ದೇ ನನ್ನ ವಾದ. ತರಗತಿ ಬರಹಗಾರರನ್ನು ಕೊಲ್ಲುತ್ತದೆ.

ಮೌನಿ:
ದಯವಿಟ್ಟು ನನ್ನ ನೋವನ್ನು ನಿಮ್ಮ ವಾದಕ್ಕೆ ಬಳಸಬೇಡಿ. ನಾನು ಹಾಗೆ ಹೇಳಲಿಲ್ಲ.

ಮಸಿಕುಡಿಕೆ:
"ಅಳಿಸಬಹುದು" ಅನ್ನುವ ಮಾತು ಮುಖ್ಯ. ಹೊಸಬರು ತಿಳಿದಿರಲಿ. ಬ್ಲಾಗರ್ ಆಗಲಿ ವರ್ಡ್‌ಪ್ರೆಸ್ ಆಗಲಿ, ಪ್ರತಿಕ್ರಿಯೆ ನಿಮ್ಮ ಒಪ್ಪಿಗೆ ಇಲ್ಲದೆ ಕಾಣದಂತೆ ಮಾಡಬಹುದು. ಮೊದಲ ದಿನವೇ ಆ ಗುಂಡಿ ಒತ್ತಿಡಿ. ಒಳ್ಳೆಯ ಓದುಗರೂ ಬ್ಲಾಗಿಗೆ ಬರುತ್ತಾರೆ. ಅಮೆರಿಕದ ಲೇಖಕ ಆಂಡಿ ವೀರ್ 2009ರಿಂದ ತಮ್ಮ ವೆಬ್‌ಸೈಟಿನಲ್ಲಿ ಒಂದೊಂದೇ ಅಧ್ಯಾಯ ಹಾಕುತ್ತಾ ಹೋದರು. ರಸಾಯನಶಾಸ್ತ್ರ ತಿಳಿದ ಓದುಗರು ತಪ್ಪು ಹಿಡಿದು ಬರೆದರು, ಅವರು ತಿದ್ದಿದರು. ಅದೇ ಆಮೇಲೆ ಜಗತ್ತಿನ ತುಂಬ ಓದಿಸಿಕೊಂಡ ಕಾದಂಬರಿ ದಿ ಮಾರ್ಷಿಯನ್ ಆಯಿತು.

ಅಂಕಿ ಅಂಶ:
ಒಬ್ಬ ವೀರ್ ಗೆದ್ದರು ಅಂತ ಎಲ್ಲರೂ ಗೆಲ್ಲುವುದಿಲ್ಲ. ಅದಕ್ಕೂ ಮುಂಚೆ ಅವರು ವರ್ಷಗಟ್ಟಲೆ ವೆಬ್ ಕಾಮಿಕ್ಸ್ ಮಾಡಿದ್ದರು. ಓದುಗರು ಆಗಲೇ ಕೈಯಲ್ಲಿ ಇದ್ದರು. ಹೊಸ ಹಾಳೆ ಅವರಿಗೆ ಮೊದಲ ದಿನ ಎಷ್ಟು ಜನ ಬರುತ್ತಾರೆ?

ಹಳಗನ್ನಡ ಪ್ರಿಯ:
"ನಿಜದಿಂ" ಬಗ್ಗೆ ಉತ್ತರ ಕೊಡಲಿಲ್ಲ ಅಂತ ಪೂರ್ಣವಿರಾಮ ಅವರು ದೂರಿದ್ದರು. ಕೊಡುತ್ತೇನೆ. ಪದ್ಯದಲ್ಲಿ "ನಿಜದಿಂ" ಬರುವುದು "ಚದುರರ್" ಜೊತೆ. ಸ್ವಭಾವದಿಂದ ಚತುರರು, ಅಷ್ಟೇ. ಕಾವ್ಯದ ಮಾತು ಬಂದಾಗ ಕವಿ ಬಳಸಿದ ಪದಗಳೇ ಬೇರೆ. "ಪ್ರಯೋಗ", "ಪರಿಣತ". ಪ್ರಯೋಗ ಅಂದರೆ ಬಳಕೆ. ಪರಿಣತ ಅಂದರೆ ಮಾಗಿದ, ಪಕ್ವವಾದ. ಹುಟ್ಟುವಾಗಲೇ ಯಾರೂ ಮಾಗಿರುವುದಿಲ್ಲ. ಜಾಣತನ ಹುಟ್ಟಿನದು, ಕಾವ್ಯದ ಪರಿಣತಿ ಬಳಕೆಯದು.

ಪೂರ್ಣವಿರಾಮ:
"ಪ್ರಯೋಗ ಅಂದರೆ ಬಳಕೆ." ಸರಿಯಾಗಿ ಹೇಳಿದಿರಿ. ಬಳಕೆ ಅಂದರೆ ಬರೆಯುವುದು. ಪಾಠ ಕೇಳುವುದಲ್ಲ. ನಾನು ಮೊದಲ ಸಾಲಿನಿಂದ ಹೇಳುತ್ತಿರುವುದು ಬ್ಲಾಗ್ ತೆರೆದು ಬರೆಯಿರಿ ಅಂತ.

ಹಳಗನ್ನಡ ಪ್ರಿಯ:
ನೀವು ಮೊದಲ ಸಾಲಿನಲ್ಲಿ ಹೇಳಿದ್ದು "ಓದು ಬರಹ ಕಲಿಯದೆಯೇ" ಅಂತ. ಮೇಲೆ ಹೋಗಿ ನೋಡಬಹುದು. ಈಗ ಮಾತು ಬದಲಾಗಿದೆ.

ಪೂರ್ಣವಿರಾಮ:
ಬದಲಾಗಿಲ್ಲ. ನೀವು ಓದಿದ ರೀತಿ ಬದಲಾಗಿದೆ.

ಒತ್ತಕ್ಷರ:
ಬಳಕೆ ಅಂದರೆ ಬರೆಯುವುದು, ಪಾಠ ಕೇಳುವುದಲ್ಲ ಅಂದಿರಲ್ಲ, ನನ್ನ ತರಗತಿಯಲ್ಲಿ ಪಾಠ ಕೇಳುವುದು ಹದಿನೈದು ನಿಮಿಷ. ಉಳಿದದ್ದು ಬರೆಯುವುದೇ. ಹತ್ತು ನಿಮಿಷ ಪೆನ್ನು ಎತ್ತದೆ ಬರೆಯಬೇಕು, ಹಿಂದಿರುಗಿ ತಿದ್ದುವಂತಿಲ್ಲ. ಏನೂ ಹೊಳೆಯದಿದ್ದರೆ "ಏನೂ ಹೊಳೆಯುತ್ತಿಲ್ಲ" ಅಂತಲೇ ಬರೆಯಬೇಕು. ಬರವಣಿಗೆ ಕಲಿಸುತ್ತಿದ್ದ ಅಮೆರಿಕದ ಪ್ರಾಧ್ಯಾಪಕ ಪೀಟರ್ ಎಲ್ಬೊ 1973ರಲ್ಲೇ ಇದನ್ನು ವಿವರವಾಗಿ ಹೇಳಿದರು. ಆಮೇಲೆ ಒಂದು ಜಗಳವನ್ನು ಇಬ್ಬರ ಕಣ್ಣಿನಿಂದ ಎರಡು ಸಲ ಬರೆಯಬೇಕು. ಆಮೇಲೆ ಭಾವನೆಯ ಹೆಸರನ್ನೆಲ್ಲ ಅಳಿಸಬೇಕು. ದುಃಖ, ಸಂತೋಷ, ಕೋಪ, ಯಾವ ಪದವೂ ಇರಬಾರದು. ಅದಿಲ್ಲದೆಯೂ ದುಃಖ ಕಾಣಬೇಕು. ಒಬ್ಬರೇ ಕೂತರೆ ಇದನ್ನು ಯಾರು ನಿಮ್ಮ ಕೈಲಿ ಮಾಡಿಸುತ್ತಾರೆ?

ಮಸಿಕುಡಿಕೆ:
ಅದೇ ಎಲ್ಬೊ ಗುರು ಇಲ್ಲದ ಬರವಣಿಗೆ ಗುಂಪಿನ ಬಗ್ಗೆಯೂ ಹೇಳಿದ್ದಾರೆ. ಆ ಭಾಗ ನೀವು ಬಿಟ್ಟಿರಿ.

ಹೊಸ ಹಾಳೆ:
ಎಲ್ಲರಿಗೂ ಧನ್ಯವಾದ. ನಾನು ಇಷ್ಟೆಲ್ಲ ಬರುತ್ತದೆ ಅಂದುಕೊಂಡಿರಲಿಲ್ಲ. ಕತ್ತೆಯ ಮಾತು ಓದಿ ಒಂದು ದಿನ ಇದನ್ನು ಮುಚ್ಚಿಟ್ಟಿದ್ದೆ. ಮತ್ತೆ ತೆರೆದೆ. ಆ ಹತ್ತು ನಿಮಿಷದ ಅಭ್ಯಾಸ ಮಾಡಿ ನೋಡಿದೆ. ಅದರಲ್ಲಿ ಐದು ವಾಕ್ಯ ಉಳಿಸಿಕೊಂಡಿದ್ದೇನೆ. ಹಾಕುತ್ತೇನೆ.

"ಅಜ್ಜಿ ತೀರಿಕೊಂಡು ಆರು ತಿಂಗಳಾಗಿತ್ತು. ಮನಸ್ಸಿಗೆ ತುಂಬಾ ದುಃಖವಾಗಿತ್ತು. ಕಪಾಟಿನಲ್ಲಿ ಅವಳ ಕನ್ನಡಕ ಸಿಕ್ಕಿತು. ಗಾಜಿನ ಮೇಲೆ ಅವಳ ಬೆರಳಿನ ಗುರುತು ಹಾಗೇ ಇತ್ತು. ನಾನು ಒರೆಸಲಿಲ್ಲ."

ಒತ್ತಕ್ಷರ:
"ನಾನು ಒರೆಸಲಿಲ್ಲ." ಈ ವಾಕ್ಯ ಮುಟ್ಟಬೇಡಿ. ಎರಡನೆಯ ವಾಕ್ಯ ತೆಗೆಯಿರಿ. ದುಃಖವನ್ನು ಕೊನೆಯ ವಾಕ್ಯ ಆಗಲೇ ಹೇಳಿದೆ. ಎರಡು ಸಲ ಹೇಳಿದರೆ ಎರಡನೆಯ ಸಲದ್ದು ಸಡಿಲವಾಗುತ್ತದೆ.

ಪೂರ್ಣವಿರಾಮ:
ತೆಗೆಯಬೇಡಿ. "ಮನಸ್ಸಿಗೆ ತುಂಬಾ ದುಃಖವಾಗಿತ್ತು" ಅಂತ ಜನ ಹಾಗೇ ಮಾತಾಡುತ್ತಾರೆ. ಅದು ನಿಮ್ಮ ದನಿ. ತರಗತಿಗೆ ಹೋದವರೆಲ್ಲ ಆ ವಾಕ್ಯ ತೆಗೆಯುತ್ತಾರೆ. ಆಮೇಲೆ ಎಲ್ಲರ ಬರಹವೂ ಒಂದೇ ಥರ ಕಾಣುತ್ತದೆ. ಕನ್ನಡಕ, ಗುರುತು, ಮೌನ. ನಾನು ಇಂಥದ್ದನ್ನು ನೂರು ಸಲ ಓದಿದ್ದೇನೆ.

ಒತ್ತಕ್ಷರ:
"ನೂರು ಸಲ ಓದಿದ್ದೇನೆ" ಅಂತ ಮೊದಲ ಬಾರಿ ಬರೆದವರಿಗೆ ಹೇಳುತ್ತೀರಾ?

ಪೂರ್ಣವಿರಾಮ:
ತರಗತಿಯ ಬರಹದ ಬಗ್ಗೆ ಹೇಳಿದ್ದು. ಅವರ ಬರಹದ ಬಗ್ಗೆ ಅಲ್ಲ. ಅವರದ್ದು ನನಗೆ ಇಷ್ಟ ಆಯಿತು. ಇಷ್ಟ ಆದದ್ದಕ್ಕೇ ಮುಟ್ಟಬೇಡಿ ಅಂದೆ.

ಹೊಸ ಹಾಳೆ:
ಇಬ್ಬರ ಮಾತನ್ನೂ ಇಟ್ಟುಕೊಂಡು ಜೋರಾಗಿ ಓದಿದೆ. ಎರಡನೆಯ ವಾಕ್ಯ ತೆಗೆದೆ. ಆಗ ಮೊದಲನೆಯದೂ ಒಂಟಿಯಾಗಿ ನಿಂತಂತೆ ಕಂಡಿತು. ಅದನ್ನೂ ತೆಗೆದೆ. ಈಗ ಹೀಗಿದೆ.

"ಕಪಾಟಿನಲ್ಲಿ ಅಜ್ಜಿಯ ಕನ್ನಡಕ ಸಿಕ್ಕಿತು. ಗಾಜಿನ ಮೇಲೆ ಆರು ತಿಂಗಳ ಹಿಂದಿನ ಬೆರಳಿನ ಗುರುತು. ನಾನು ಒರೆಸಲಿಲ್ಲ."

ಪೂರ್ಣವಿರಾಮ:
ಆರು ತಿಂಗಳನ್ನು ಗಾಜಿನ ಮೇಲೆ ತಂದಿಡಿ ಅಂತ ನಿಮಗೆ ಯಾರೂ ಹೇಳಿಕೊಡಲಿಲ್ಲ. ನೀವೇ ಮಾಡಿದಿರಿ. ಇದೇ "ನಿಜದಿಂ".

ಒತ್ತಕ್ಷರ:
ಎರಡನೆಯ ವಾಕ್ಯ ಹೋದ ಮೇಲೆ ತಾನೇ ಮೊದಲನೆಯದು ಒಂಟಿ ಅಂತ ಕಂಡದ್ದು? ತೆಗೆಯಿರಿ ಅಂದದ್ದು ನಾನು.

ಹಳಗನ್ನಡ ಪ್ರಿಯ:
"ನಿಜದಿಂ" ಅನ್ನುವುದು "ಚದುರರ್" ಜೊತೆಗೆ ಸೇರುತ್ತದೆ ಅಂತ ಆಗಲೇ ಹೇಳಿದ್ದೇನೆ.

ಹೊಸ ಹಾಳೆ:
ಬ್ಲಾಗ್ ತೆರೆದು ಈ ಮೂರು ವಾಕ್ಯ ಹಾಕಿದ್ದೇನೆ. ತರಗತಿಯವರಿಗೂ ಪತ್ರ ಬರೆದಿದ್ದೇನೆ. ನಿಮ್ಮಲ್ಲಿ ಬರೆದವರು ಮಾತಾಡಬಹುದಾ ಅಂತ ಕೇಳಿದ್ದೇನೆ. ಉತ್ತರ ನೋಡಿ ಆಮೇಲೆ ಸೇರುವುದೋ ಬೇಡವೋ ಅಂತ ತೀರ್ಮಾನ. ಮಸಿಕುಡಿಕೆ ಅವರು ಹೇಳಿದ ಗುಂಡಿ ಒತ್ತಿದ್ದೇನೆ. ಪ್ರತಿಕ್ರಿಯೆ ನನ್ನ ಒಪ್ಪಿಗೆ ಇಲ್ಲದೆ ಕಾಣುವುದಿಲ್ಲ. ಇನ್ನೂ ಯಾರೂ ಬಂದಿಲ್ಲ.

ಮೌನಿ:
ನಾನು ಬಂದಿದ್ದೆ. ಚೆನ್ನಾಗಿದೆ ಅಂತ ಬರೆದಿದ್ದೇನೆ, ಜೊತೆಗೆ ಒಂದು ಪ್ರಶ್ನೆಯೂ ಇದೆ. ಒಪ್ಪಿಗೆ ಕೊಟ್ಟರೆ ಕಾಣುತ್ತದೆ. ಒರೆಸದೆ ಬಿಟ್ಟ ಆ ಕನ್ನಡಕವನ್ನು ಆಮೇಲೆ ಎಲ್ಲಿ ಇಟ್ಟಿರಿ?